ಬಣ್ಣ ಕೇಳುವ ಮೇಷ್ಟ್ರು

ನಮ್ಮ ರಸಾಯನಶಾಸ್ತ್ರದ ಮೇಷ್ಟ್ರು ಉತ್ತರ ಹೇಳಿದ್ದನ್ನು ಯಾರೂ ಕಂಡಿಲ್ಲ, ಅವರದು ಬರೀ ಪ್ರಶ್ನೆ. ಲವಣವನ್ನು ಬರ್ನರಿನ ಉರಿಗೆ ಹಿಡಿದರೆ ಸಾಕು, ಬೆನ್ನ ಹಿಂದೆ ಹಾಜರು. “ಏನಮ್ಮಾ, ಉರಿ ಯಾವ ಬಣ್ಣ?” “ಹಸಿರು, ಸಾರ್.” “ಹೌದಾ? ಸರಿಯಾಗಿ ನೋಡು.” ಅಷ್ಟಕ್ಕೇ ನನಗೆ ಹಸಿರೂ ಕೆಂಪಾಗಿ ಕಾಣುತ್ತದೆ. ಆಮೇಲೆ ಪಕ್ಕದವಳನ್ನು, ಅವಳ ಪಕ್ಕದವಳನ್ನು ಕೇಳಿ, ಮೂವರೂ ಒಂದೇ ಬಣ್ಣ ಹೇಳಿದರಷ್ಟೇ “ಹ್ಞಾಂ, ಬರ್ಕೊಳ್ಳಿ.” ನಾಳೆ ಪ್ರಾಯೋಗಿಕ ಪರೀಕ್ಷೆ, ನನ್ನ ತಲೆ ಮೊಸರುಗಡಿಗೆ. “ನೀವೇ ನೋಡಿ ಹೇಳ್ಬಿಡಿ ಸಾರ್” ಎಂದು ಗೋಗರೆದರೆ, “ನಾನು ನೋಡಿ ಏನ್ ಪ್ರಯೋಜನ?” ಎನ್ನುತ್ತಾರೆ. ಇವತ್ತು ನನ್ನ ರೆಕಾರ್ಡ್ ತಿದ್ದುವಾಗ ಅವರ ಎರಡು ಪೆನ್ನುಗಳು ಕೆಳಗೆ ಬಿದ್ದವು. ಎತ್ತಿಕೊಡಲು ಹೋದರೆ ಎರಡಕ್ಕೂ ಚೀಟಿ ಅಂಟಿಸಿತ್ತು: ಒಂದರ ಮೇಲೆ ‘ಕೆಂಪು’, ಇನ್ನೊಂದರ ಮೇಲೆ ‘ಹಸಿರು’. ಮುಂದಿನ ಲವಣಕ್ಕೆ ಅವರು ಕೇಳುವ ಮೊದಲೇ ಗಟ್ಟಿಯಾಗಿ ಹೇಳಿದೆ: “ಹಸಿರೇ ಸಾರ್, ನನ್ನಾಣೆ.”