ಕೊನೆಯ ಪ್ಯಾದೆಯನ್ನು ತಿನ್ನಬಾರದು

ನಲವತ್ತು ದಾಟಿದ ಮೇಲೆ ಪ್ರೋಗ್ರಾಮಿಂಗ್ ಕಲಿಯಲು ಹೊರಟವಳಿಗೆ ತಲೆ ನೆಟ್ಟಗಿರುವುದಿಲ್ಲ. ನನಗಂತೂ ಇರಲಿಲ್ಲ. ಕೊಂಡಾಪುರದ ಶಾಲೆಯೊಂದರಲ್ಲಿ ಗಣಿತ ಕಲಿಸಿ ಮನೆಗೆ ಬಂದರೆ ಅಪ್ಪ ಬಾಗಿಲಲ್ಲೇ ಕೇಳುತ್ತಿದ್ದರು, "ನಿಮ್ಮವ್ವ ಎಲ್ಲಿ?" ಅವ್ವ ತೀರಿಹೋಗಿ ವರ್ಷಗಳೇ ಆಗಿದ್ದವು. ಅಪ್ಪನಿಗೆ ಮರೆವಿನ ರೋಗ. ಮೊದಮೊದಲು ಮೆತ್ತಗೆ ಹೇಳುತ್ತಿದ್ದೆ. ಆಮೇಲಾಮೇಲೆ ಸಿಟ್ಟು ನೆತ್ತಿಗೇರುತ್ತಿತ್ತು. "ಈಗ ಹೇಳಿದ್ನಲ್ಲಪ್ಪಾ, ಎಷ್ಟ ಸಲ ಹೇಳ್ಲಿ?" ಅವರು ಮುಖ ಸಣ್ಣದು ಮಾಡಿಕೊಂಡು ಒಳಗೆ ಹೋಗುತ್ತಿದ್ದರು.

ಚದುರಂಗ ಮಾತ್ರ ಮರೆತಿರಲಿಲ್ಲ. ಹಿಂದಿನ ದಿನದ ಆಟವೂ ನೆನಪಿರುತ್ತಿತ್ತು. ರಾಯಚೂರಿನಿಂದ ಈ ಊರಿಗೆ ಬಂದು ಅಬಿಡ್ಸ್‌ನ ಬಟ್ಟೆ ಅಂಗಡಿಯಲ್ಲಿ ದುಡಿದ ಕಾಲದಿಂದ ಪಕ್ಕದ ಅಂಗಡಿಯ ಗೆಳೆಯರೊಬ್ಬರ ಜೊತೆ ಆಡುತ್ತಿದ್ದರು. ಆ ಗೆಳೆಯರೂ ಹೋಗಿಬಿಟ್ಟಿದ್ದರು. ಅವರದು ಹಳೆಯ ದೇಸಿ ಆಟ. ಎದುರಾಳಿಯ ಕಾಯಿಗಳನ್ನೆಲ್ಲ ತಿಂದು ಬರೀ ರಾಜನನ್ನು ಉಳಿಸಿದರೆ ಗೆಲುವಿಲ್ಲ. ಅದು ಬುರ್ಜಿ, ಆಟ ಸಮ. ಗೆಲ್ಲಬೇಕಾದವನು ಒಂದು ಪ್ಯಾದೆಯನ್ನಾದರೂ ಎದುರಿನವನ ಪಾಲಿಗೆ ಬಿಟ್ಟು ರಾಜನನ್ನು ಕಟ್ಟಿಹಾಕಬೇಕು. ಫೋನಿನಲ್ಲಿ ಸಿಕ್ಕ ಯಾವ ಚೆಸ್ಸಿಗೂ ಈ ಮರ್ಯಾದೆ ಗೊತ್ತಿರಲಿಲ್ಲ. ನಾನು ಆಡಲು ಕೂತರೆ ಜಗಳವೇ ಆಗುತ್ತಿತ್ತು. ಹಾಗಾಗಿ ಅಬಿಡ್ಸ್ ಫುಟ್‌ಪಾತಿನಿಂದ ಪ್ರೋಗ್ರಾಮಿಂಗಿನ ಹಳೇ ಪುಸ್ತಕವೊಂದನ್ನು ತಂದು, ಅಪ್ಪನ ಆಟ ಆಡುವ ಪ್ರೋಗ್ರಾಮ್, ಅಂದರೆ ಎಂಜಿನ್, ಬರೆಯಲು ಶುರುಮಾಡಿದೆ.

ಮೊದಲ ಎಂಜಿನ್ ದರಿದ್ರದ್ದು. ಬಲ ಅಂಚು ದಾಟಿದ ಕುದುರೆ ಎಡ ಅಂಚಿನಿಂದ ಹಾಜರಾಗಿ ಅಪ್ಪನ ಆನೆಯನ್ನು ತಿಂದಿತು. ಹಲಗೆಯ ಮನೆಗಳನ್ನೆಲ್ಲ ಒಂದೇ ಸಾಲಿನಲ್ಲಿ ಎಣಿಸಿ, ಅಂಚು ಎಲ್ಲಿದೆ ಎಂದು ಅದಕ್ಕೆ ಹೇಳಲು ಮರೆತಿದ್ದೆ. "ಊರಾಚಿ ಶಂಶಾಬಾದಿಂದ ಸುತ್ತ ಹಾಕ್ಕೊಂಡ ಬಂತೇನ ಇದು?" ಎಂದು ಅಪ್ಪ ನಕ್ಕರು. ಅವರ ನಗು ಕೇಳಿ ಎಷ್ಟು ದಿನವಾಗಿತ್ತೋ, ನನಗೆ ಅಳು ಬಂತು.

ಆಮೇಲೆ ಅದು ಆಡಲು ಕಲಿಯಿತು. ಪ್ರತಿ ಕಾಯಿಗೂ ಒಂದು ಬೆಲೆ ಕೊಟ್ಟಿದ್ದೆ, ತಿಂದಷ್ಟೂ ಅಂಕ. ಹಾಗಾಗಿ ಸಿಕ್ಕಿದ್ದನ್ನೆಲ್ಲ ತಿನ್ನುತ್ತಿತ್ತು, ಕೊನೆಯ ಪ್ಯಾದೆಯನ್ನೂ ಬಿಡದೆ. ಲ್ಯಾಪ್‌ಟಾಪ್ ಹೇಳಿದಂತೆ ಮರದ ಹಲಗೆಯ ಮೇಲೆ ಅದರ ಕಾಯಿ ಸರಿಸುವವಳು ನಾನು. ಅಪ್ಪ ಚಪ್ಪಾಳೆ ತಟ್ಟುತ್ತಿದ್ದರು. "ಬುರ್ಜಿ. ನಿನ್ನ ಮಷೀನಿಗೆ ಹೊಟ್ಟಿಬಾಕತನ ಭಾಳ ಐತಿ. ಕಲಿಸ ಅದಕ್ಕ." ದಿನಾ ಸಂಜೆ ಬುರ್ಜಿ, ದಿನಾ ಅದೇ ಮಾತು. ಆ ಒಂದು ತಾಸು ಅಪ್ಪ ಅವ್ವನನ್ನು ಕೇಳುತ್ತಿರಲಿಲ್ಲ. ನನಗೆ ಬೇಕಿದ್ದದ್ದು ಆ ಒಂದು ತಾಸೇ.

ಆದರೆ ಹೊಸದಾಗಿ ಕಲಿತವಳ ಸೊಕ್ಕು. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡರು ಅಂತಾರಲ್ಲ, ಹಾಗಾಯಿತು. ಎದುರಾಳಿಯ ಕೊನೆಯ ಕಾಯಿ ತಿಂದರೆ ಅಂಕ ಸೊನ್ನೆ ಎಂದು ಒಂದು ಸಾಲು ಸೇರಿಸಿದೆ. ಅಂದು ಸಂಜೆ ಎಂಜಿನ್ ಅಪ್ಪನ ಒಂಟಿ ಪ್ಯಾದೆಯನ್ನು ಮುಟ್ಟದೆ ರಾಜನನ್ನು ಕಟ್ಟಿಹಾಕಿತು. "ಶಾಣ್ಯಾ ಆತು ನೋಡು" ಎಂದರು ಅಪ್ಪ. ಮರುದಿನವೂ ಸೋತರು. ಅದರ ಮರುದಿನ ಹಲಗೆ ಹಾಸಿದರೆ ಎದ್ದು ಬರಲಿಲ್ಲ. ಮಂಚದಿಂದಲೇ ಕೇಳಿದರು, "ನಿಮ್ಮವ್ವ ಎಲ್ಲಿ?"

ಆ ಸಾಲನ್ನು ಅಳಿಸಿದೆ. ಅಪ್ಪನ ಕೈಹಿಡಿದು ಕರೆತಂದು ಕೂರಿಸಿದೆ. ಎಂಜಿನ್ ಮೊದಲಿನ ಹಾಗೆ ಎಲ್ಲವನ್ನೂ ತಿಂದು ಕೊನೆಯ ಪ್ಯಾದೆಯನ್ನೂ ನುಂಗಿತು. ಅಪ್ಪ ಚಪ್ಪಾಳೆ ತಟ್ಟುತ್ತಾರೆಂದು ಕಾದೆ. ತಟ್ಟಲಿಲ್ಲ. ಒಮ್ಮೆ ಹಲಗೆಯನ್ನು, ಒಮ್ಮೆ ಲ್ಯಾಪ್‌ಟಾಪನ್ನು ನೋಡುತ್ತ ಕೂತರು.

"ಮೊನ್ನಿ ಬರ್ತಿತ್ತು ಇದಕ್ಕ," ಎಂದರು. "ಈಗ ಮರ್ತೈತಿ."

"ಹಾಳಾದ್ದು," ಎಂದು ನಾನು ಸುಮ್ಮನೆ ಲ್ಯಾಪ್‌ಟಾಪಿಗೆ ಬೈದೆ, ಏನಾದರೂ ಹೇಳಬೇಕಲ್ಲ ಎಂದು. ಅಪ್ಪ ನನ್ನ ಕೈ ಹಿಡಿದರು.

"ಬೈಬ್ಯಾಡವ್ವ ಅದಕ್ಕ. ಮರ್ತೀನಂತ ಅದಕ್ಕರ ಹ್ಯಾಂಗ ಗೊತ್ತಾಗಬೇಕು?"