ತೇಗಿನ ದನಿ

ಡ್ರಿಲ್ ಟೀಚರ್ ಮೈದಾನದಲ್ಲಿ ನಿಂತು ಒಮ್ಮೆ "ನಿಲ್ಲಿ!" ಎಂದರೆ ಮಕ್ಕಳಷ್ಟೇ ಅಲ್ಲ, ಕಾಂಪೌಂಡಿನಾಚೆ ಹೋಗುತ್ತಿದ್ದ ಸೈಕಲ್ಲುಗಳೂ ಬ್ರೇಕ್ ಹಾಕುತ್ತಿದ್ದವು. ಮಕ್ಕಳು ಇಟ್ಟ ಹೆಸರು ಗುಡುಗಮ್ಮ. ಆಕೆಗೆ ಅದು ಗೊತ್ತಿತ್ತು, ಒಳಗೊಳಗೇ ಹೆಮ್ಮೆಯೂ ಇತ್ತು. ಗಂಡ ಲೈಬ್ರರಿಯಲ್ಲಿ ಕೆಲಸಕ್ಕಿದ್ದವರು. ಹಗಲೆಲ್ಲ ಊರವರ ಬಾಯಿ ಮುಚ್ಚಿಸುವ ಅಧಿಕಾರ, ಸಂಜೆ ಮನೆಗೆ ಬಂದರೆ ತಮ್ಮ ಬಾಯಿಯೇ ಬಂದ್. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಟೀಚರ್‌ಗೆ ಎರಡೂ ಚೆನ್ನಾಗಿಯೇ ಬರುತ್ತಿದ್ದವು. ಜಗಳ ಹೇಗೂ ತಪ್ಪಿರಲಿಲ್ಲ, ಒಂದು ದಿನ ರೋಗವೂ ಬಂತು.

ಗಂಟಲಿನ ಕ್ಯಾನ್ಸರ್. ವಿಶ್ವವಿದ್ಯಾಲಯದ ಕ್ಯಾನ್ಸರ್ ಕೇಂದ್ರದಲ್ಲಿ ಸರ್ಜನ್ ಆಕೆಯ ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆದರು. ಉಸಿರಾಡಲು ಕತ್ತಿನ ಬುಡದಲ್ಲೊಂದು ತೂತು ಮಾಡಿದರು. ಜೀವ ಉಳಿಯಿತು, ದನಿ ಹೋಯಿತು. ಮದುವೆಯಾದಂದಿನಿಂದ ಗಂಡ ಕಾದಿದ್ದ ಮಾತಾಡುವ ಸರದಿ ಕೊನೆಗೂ ಬಂದಿತ್ತು. ಬಂದಾಗ ಹೇಳಲು ಒಂದೂ ತೋಚಲಿಲ್ಲ. ಒಂದು ಬೆಳಿಗ್ಗೆ ಅವರ ಕೈಜಾರಿ ಪಾತ್ರೆ ಬಿತ್ತು. ಒಳಗಿನಿಂದ ಬೈಗುಳ ಬರಲಿಲ್ಲ. ಆತ ಪಾತ್ರೆ ಎತ್ತಿಡುವುದನ್ನೂ ಮರೆತು ಅಲ್ಲೇ ಕೂತು ಅತ್ತರು.

ಕೇಂದ್ರದಲ್ಲಿ ಮಾತಿನ ತರಬೇತಿ ಕೊಡುವ ಥೆರಪಿಸ್ಟ್ ಒಬ್ಬಳಿದ್ದಳು, ಇಸ್ತ್ರಿ ಮಾಡಿದ ಬಿಳಿ ಕೋಟಿನ ಹುಡುಗಿ.

"ಮೇಡಂ, ಬಾಯಿಂದ ಗಾಳಿ ನುಂಗಿ. ಅದು ಹೊಟ್ಟೆಗೆ ಇಳಿಯೋಕೆ ಮುಂಚೇನೇ ಮೇಲಕ್ಕೆ ತನ್ನಿ. ತೇಗು ಬರುತ್ತಲ್ಲ, ಅದರ ಮೇಲೆ ಮಾತು ಕೂರಿಸಿ. ಹೀಗೆ" ಎಂದವಳೇ ಗಡಗಡನೆ ತೇಗಿ, ಆ ತೇಗಿನಲ್ಲೇ "ಪಾಪು" ಅಂದುಬಿಟ್ಟಳು.

ಟೀಚರ್‌ಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಊಟದ ಹೊತ್ತಿನಲ್ಲಿ ತೇಗಿದ ಮಕ್ಕಳನ್ನು ಜನ್ಮವಿಡೀ ಬಾಗಿಲಾಚೆ ನಿಲ್ಲಿಸಿದವರು ಆಕೆ. ಚೀಟಿಯ ಮೇಲೆ ಬರೆದರು: 'ಇದಕ್ಕಿಂತ ಮೂಕಿಯಾಗಿರೋದೇ ವಾಸಿ.'

"ನಿಮ್ಮ ಮನೆಯವರೂ ಹಾಗೇ ಅಂದ್ರು. ಈಗ ಮನೆ ನೆಮ್ಮದಿಯಾಗಿದೆಯಂತೆ" ಎಂದಳು ಹುಡುಗಿ.

ಶುದ್ಧ ಸುಳ್ಳು. ಆದರೆ ಮದ್ದು ನಾಟಿತು. ಟೀಚರ್ ಪಕ್ಕದಲ್ಲೇ ಕೂತಿದ್ದ ಗಂಡನನ್ನು ಸುಟ್ಟುಬಿಡುವ ಹಾಗೆ ನೋಡಿ, ಅಲ್ಲೇ ಗಾಳಿ ನುಂಗಲು ಶುರುಮಾಡಿದರು. ಅಂದಿನಿಂದ ಹಿಡಿದ ಪಟ್ಟು ಬಿಡಲಿಲ್ಲ. ಹೊಟ್ಟೆ ಉಬ್ಬರಿಸಿತು, ವಾಂತಿಯಾಯಿತು, ವಾರಗಟ್ಟಲೆ ಗಂಟಲಿನಿಂದ ಬರೀ ಗೊರಗೊರ. ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು, ಯಾರಿಗೂ ಕೇಳದ ಹಾಗೆ ತೇಗಿ ತೇಗಿ ಕಲಿತರು. ಕೊನೆಗೊಂದು ದಿನ ಅಡುಗೆಮನೆಯಲ್ಲಿ ಒಡಕು ದನಿಯೊಂದು "ತಟ್ಟೆ ತೊಳೀರಿ" ಎಂದಿತು. ಗಂಡ ಕುಣಿಯುತ್ತಾ ತಟ್ಟೆ ತೊಳೆದರು. ತೊಳೆದಿದ್ದ ತಟ್ಟೆಗಳನ್ನೂ ತೊಳೆದರು.

ಶಾಲೆಯವರು ಮಾತ್ರ ಆಕೆಯನ್ನು ಮೈದಾನದಿಂದ ಸ್ಟೋರ್ ರೂಮಿಗೆ ಕಳಿಸಿದರು, ಚೆಂಡುಗಳಿಗೆ ಗಾಳಿ ಹಾಕಲು. ಹಾಕುವ ಗಾಳಿ ಮನುಷ್ಯರಿಗೇ ಹಾಕೋಣ ಎಂದುಕೊಂಡು ಟೀಚರ್ ಕೆಲಸ ಬಿಟ್ಟು, ದನಿ ಕಳೆದುಕೊಂಡವರಿಗೆ ತೇಗಿನ ಮಾತು ಕಲಿಸಲು ಕ್ಯಾನ್ಸರ್ ಕೇಂದ್ರಕ್ಕೆ ಬಂದರು. ಕೆಳಗಿನ ಅಂತಸ್ತಿನಲ್ಲಿ ರೋಗಿಗಳು, ನಡುವೆ ಕಲಿಯುವ ಡಾಕ್ಟರುಗಳ ತರಗತಿ, ಮೇಲೆ ಸಂಶೋಧನೆ. ಟೀಚರ್‌ಗೆ ಮೂರರಲ್ಲೂ ಪಾಲು. ಕೆಳಗೆ ಅವರದೇ ತಪಾಸಣೆ ನಡೆಯುತ್ತಿತ್ತು, ಮೇಲೆ ಅವರ ದನಿಯನ್ನು ಕಂಪ್ಯೂಟರಿನಲ್ಲಿ ಅಲೆ ಅಲೆಯಾಗಿ ಅಳೆಯುತ್ತಿದ್ದರು. ನಡುವಿನಲ್ಲಿ ವಿದ್ಯಾರ್ಥಿಗಳ ಮುಂದೆ ತೇಗಬೇಕಿತ್ತು. "ಮೂರೂ ಬಿಟ್ಟವರು. ಊರಿಗೆ ದೊಡ್ಡವರು" ಎಂದು ತಮ್ಮನ್ನು ತಾವೇ ಛೇಡಿಸಿಕೊಳ್ಳುತ್ತಿದ್ದರು. ಒಂದು ಗುಟುಕು ಗಾಳಿಗೆ ಎರಡು ಮೂರು ಪದವಷ್ಟೇ ಬರುತ್ತಿದ್ದುದರಿಂದ ಮಾತು ತುಂಡುತುಂಡಾಗಿರುತ್ತಿತ್ತು.

ಅಲ್ಲಿಗೆ ಬಂದವರು ಹರಾಜಿನವರು. ತರಕಾರಿ ಮಾರುಕಟ್ಟೆಯಲ್ಲಿ ಬೆಳಗಾಗುತ್ತಲೇ ಹರಾಜು ಕೂಗುವ ಕಸುಬು, ಕಂಚಿನ ಕಂಠ. ಆ ಕಂಠಕ್ಕೇ ಗಡ್ಡೆ ಬಂದಿತ್ತು. ಧ್ವನಿಪೆಟ್ಟಿಗೆ ತೆಗೆದರೆ ಬದುಕಬಹುದು, ತಡಮಾಡಿದರೆ ಕೈಮೀರುತ್ತದೆ ಎಂದು ಸರ್ಜನ್ ಬಿಡಿಸಿ ಹೇಳಿದ್ದರು. ಆತ ಒಪ್ಪಿರಲಿಲ್ಲ. ಕೊನೆಯ ಪ್ರಯತ್ನವೆಂದು ಸರ್ಜನ್ ಟೀಚರನ್ನು ಕರೆಸಿದರು. ಗೋಡೆಗೊರಗಿ ಏಳೆಂಟು ವಿದ್ಯಾರ್ಥಿಗಳು ನಿಂತಿದ್ದರು. ಹರಾಜಿನವರ ಪಕ್ಕದಲ್ಲಿ ಅವರ ಹೆಂಡತಿ ಸೆರಗು ಹಿಂಡುತ್ತಾ ಕೂತಿದ್ದರು.

"ಇವರಿಗೂ ಇದೇ ಆಪರೇಷನ್ ಆಗಿದೆ. ಈಗ ಹೇಗೆ ಮಾತಾಡ್ತಾರೆ, ನೀವೇ ಕೇಳಿ" ಎಂದರು ಸರ್ಜನ್.

ಎಲ್ಲರ ಕಣ್ಣೂ ಟೀಚರ್ ಮೇಲೆ. ಒಬ್ಬರ ಜೀವ ನನ್ನ ಒಂದು ತೇಗಿನ ಮೇಲೆ ನಿಂತಿದೆ ಎಂಬ ಯೋಚನೆ ಬಂದದ್ದೇ ತಡ, ನುಂಗುವ ಬಗೆಯೇ ಮರೆತುಹೋಯಿತು. ಗಾಳಿ ಒಳಗೆ ಹೋಗಲೇ ಇಲ್ಲ. ತುಟಿ ಆಡಿತು, ಸದ್ದಿಲ್ಲ. ಇನ್ನೊಮ್ಮೆ ಆಡಿತು, ಸದ್ದಿಲ್ಲ. ಕಲಿತ ವಿದ್ಯೆ ಸರಿಯಾದ ಹೊತ್ತಿಗೆ ಕೈಕೊಟ್ಟಿತ್ತು.

ಹರಾಜಿನವರು ಎದ್ದರು. "ಇದನ್ನ ತೋರಿಸೋಕಾ ಕರೆಸಿದ್ದು? ನಾನು ಕೂಗಿ ಬದುಕಿದೋನು ಸ್ವಾಮಿ. ಹೀಗೆ ಮೀನಿನ ಥರ ಬಾಯಿ ಆಡಿಸ್ಕೊಂಡು ಇರೋ ಬದಲು, ಇರೋಷ್ಟು ದಿನ ಕೂಗಿ ಹೋಗ್ತೀನಿ. ಬಾರೇ" ಎಂದು ಹೆಂಡತಿಗೆ ಹೇಳಿ ಹೊರನಡೆದರು. ಲಿಫ್ಟಿಗೂ ಕಾಯದೆ ಮೆಟ್ಟಿಲು ಇಳಿದರು. ಈತ ಗೇಟು ದಾಟಿದರೆ ಮತ್ತೆ ಬರುವವರಲ್ಲ ಎಂದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಾಯಿತು.

ಮೀನು ಅಂದರೇ! ಟೀಚರ್‌ಗೆ ಅವಮಾನವಾಯಿತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ನೆತ್ತಿಗೇರಿತು. ಹಿಂದೆ ಸೈಕಲ್ಲುಗಳನ್ನೇ ನಿಲ್ಲಿಸಿದವರು ಈಗ ಒಬ್ಬರನ್ನು ಕೂಗಿ ಕರೆಯಲಾರರು, ಸೀಟಿಯೂ ಊದಲಾರರು. ಉಳಿದದ್ದು ಕಾಲು. ಡ್ರಿಲ್ ಟೀಚರ್ ಓಡಿದರು. ಮೆಟ್ಟಿಲುಗಳಲ್ಲಿ ನರ್ಸುಗಳನ್ನು ಸರಿಸಿ, ಆ ಹೆಂಡತಿಯನ್ನೂ ದಾಟಿ, ವಾಹನ ನಿಲ್ಲಿಸುವ ಜಾಗದಲ್ಲಿ ಹರಾಜಿನವರ ಮುಂದೆ ಕೈ ಅಗಲಿಸಿ ನಿಂತರು.

ಆತ ಏನೋ ಹೇಳಲು ಬಾಯಿ ತೆರೆದರು. ಆಗಲಿಲ್ಲ. ಗಡ್ಡೆ ಕಟ್ಟಿದ ಗಂಟಲು, ಅವಸರದಲ್ಲಿ ಇಳಿದ ಮೆಟ್ಟಿಲು. ಒಂದು ಕಾರಿಗೆ ಕೈಯೂರಿ ಏದುಸಿರು ಬಿಡುತ್ತಾ ನಿಂತರು, ಒಂದಕ್ಷರ ಹೊರಡಲಿಲ್ಲ. ಟೀಚರ್ ಕತ್ತಿನ ತೂತೂ ಬುಸುಬುಸು ಎನ್ನುತ್ತಿತ್ತು. ಆದರೆ ಮಾತು ಬಂತು, ಒಡಕಾಗಿ, ಗಟ್ಟಿಯಾಗಿ.

"ಮಾತಾಡ್ರಿ. ಯಾಕೆ? ಆಗಲ್ವಾ?"

ಆತ ಕಣ್ಣರಳಿಸಿದರು.

"ನಾನೂ ಓಡ್ಬಂದೆ. ನಂಗೂ ಏದುಸಿರು. ಆದ್ರೂ ಮಾತು. ನಿಂತಿಲ್ಲ, ನೋಡಿ. ನಂದು ಉಸಿರಿಂದ. ಬರೋ ಮಾತಲ್ಲ. ತೇಗಿಂದ ಬರುತ್ತೆ. ಮೇಲೆ ಹೆದರಿದ್ದೆ. ಅದಕ್ಕೇ ಬರ್ಲಿಲ್ಲ."

ಹಿಂದೆಯೇ ಓಡಿಬಂದಿದ್ದ ಸರ್ಜನ್, ವಿದ್ಯಾರ್ಥಿಗಳು ಅಷ್ಟು ದೂರದಲ್ಲೇ ನಿಂತರು. ಹರಾಜಿನವರಿಗೆ ಉಸಿರು ಹಿಡಿತಕ್ಕೆ ಬರಲು ಬಹಳ ಹೊತ್ತು ಬೇಕಾಯಿತು.

"ಹರಾಜು ಕೂಗೋಕಾಗುತ್ತಾ?" ಎಂದರು.

ಸುಳ್ಳು ಹೇಳುವುದು ಸುಲಭವಿತ್ತು. "ಆಗಲ್ಲ" ಎಂದರು ಟೀಚರ್. "ಮಾತಾಡ್ಬಹುದು. ಜಗಳ ಆಡ್ಬಹುದು. ಕೂಗೋಕಾಗಲ್ಲ."

ಅಷ್ಟರಲ್ಲಿ ಹೆಂಡತಿ ಬಂದು ಗಂಡನ ತೋಳು ಹಿಡಿದರು. "ನೀವು ಕೂಗಿದ್ದು ಮಾರ್ಕೆಟ್ಟಿಗೆ ಸಾಕು ರೀ. ಮನೇಲಿ ನೀವು ಯಾವತ್ತು ಕೂಗಿದ್ರಿ? ಮೆಲ್ಲಗೇ ಮಾತಾಡ್ತಿದ್ರಿ, ನಾನೇ ಏನಂದ್ರಿ ಅಂತ ಎರಡೆರಡು ಸಲ ಕೇಳ್ಬೇಕಿತ್ತು. ನನಗೆ ಅಷ್ಟು ಕೊಡಿ ಸಾಕು. ದಮ್ಮಯ್ಯ, ವಾಪಸ್ ಬನ್ನಿ" ಎಂದು ಜನರೆದುರೇ ಅತ್ತುಬಿಟ್ಟರು. ಹರಾಜಿನವರು ಗೇಟಿನ ಕಡೆ ನೋಡಿದರು. ಆಮೇಲೆ ತಿರುಗಿ ಲಿಫ್ಟಿನ ಕಡೆ ನಡೆದರು.

ಆಪರೇಷನ್ ಆಯಿತು. ಗಾಯ ಮಾಗಿದ ಮೇಲೆ ಟೀಚರ್ ಮಂಚದ ಪಕ್ಕ ಕುರ್ಚಿ ಎಳೆದು ಕೂತರು, ವಿದ್ಯಾರ್ಥಿಗಳು ಹಿಂದೆ ನಿಂತರು. ಪಾಠ ಶುರುವಾಯಿತು. ಮೊದಲ ದಿನ ಏನೂ ಬರಲಿಲ್ಲ. ಮರುದಿನವೂ ಇಲ್ಲ. ವಾರಗಳು ಕಳೆದರೂ ಬರಲಿಲ್ಲ. ಒಂದು ಮಧ್ಯಾಹ್ನ ಆತ ದಿಂಬನ್ನು ಎತ್ತಿ ಎಸೆದರು, ಗೋಡೆಗೆ ಮುಖ ಮಾಡಿ ಮಲಗಿದರು. ಅಯ್ಯೋ ಪಾಪ ಎಂದು ಒಬ್ಬ ವಿದ್ಯಾರ್ಥಿನಿ ಮುಂದೆ ಬಂದಳು. ಟೀಚರ್ ಕೈಯಡ್ಡ ಹಿಡಿದು ಅವಳನ್ನು ತಡೆದರು. ಪಾಪ ಅಂದರೆ ಈತ ಇಲ್ಲಿಗೇ ಮುಗಿದ ಎಂದು ಅವರಿಗೆ ಗೊತ್ತಿತ್ತು. ದಿಂಬು ಎತ್ತಿ ತಂದು ಮಂಚದ ಮೇಲಿಟ್ಟರು.

"ಏಳಿ. ಇನ್ನೊಂದ್ಸಲ."

ಆತ ಎದ್ದು ಕೂತರು, ಕಣ್ಣಲ್ಲಿ ಕೆಂಡ. ಗಾಳಿ ನುಂಗಿದರು. ಹೆಂಡತಿ ಕಿಟಕಿಯ ಬಳಿ ಆಚೆ ತಿರುಗಿ ಟವೆಲ್ ಮಡಿಸುತ್ತಿದ್ದರು. ಗೊರಗೊರ ಎಂದದ್ದು ಮೇಲೇರಿತು, ಎಲ್ಲೋ ಸಿಕ್ಕಿಕೊಂಡಿತು, ಬಿಡಿಸಿಕೊಂಡು ಹೊರಬಿತ್ತು. ಪದ ಯಾವುದೆಂದು ಟೀಚರ್‌ಗೂ ತಿಳಿಯಲಿಲ್ಲ.

ಕಿಟಕಿಯ ಬಳಿ ಇದ್ದ ಹೆಂಡತಿ ತಿರುಗಿ ಕೂಡ ನೋಡದೆ, ಮನೆಯಲ್ಲಿ ಇಷ್ಟು ವರ್ಷ ಕೇಳಿದ ಹಾಗೆಯೇ ಕೇಳಿದರು:

"ಏನ್ರೀ? ಏನಂದ್ರಿ?"