ಹೆಂಡತಿಯ ನಡಿಗೆಗೆ ತಾಳ ಹಾಕಿದವನು

ತಿಂಗಳ ಹಿಂದೆ, ಒಂದು ಭಾನುವಾರ, ನನ್ನ ಹೆಂಡತಿ ನನ್ನೆದುರು ನಡೆಯುವುದನ್ನು ಬಿಟ್ಟಳು.

ನಾನು ಒಳಗೆ ಬಂದರೆ ಸಾಕು, ಎಲ್ಲಿದ್ದಾಳೋ ಅಲ್ಲೇ ಕೂತುಬಿಡುತ್ತಾಳೆ. ಒಲೆ ಮುಂದಿದ್ದರೆ ಒಲೆ ಮುಂದೆ, ಪಡಸಾಲೆಯಲ್ಲಿದ್ದರೆ ಪಡಸಾಲೆಯಲ್ಲಿ. ನಾನು ಹೊರಗೆ ಹೋದ ಮೇಲೆ ಏಳುತ್ತಾಳೆ. ಮಾತು ಬಿಟ್ಟ ಹೆಂಡತಿಯರನ್ನು ನೀವು ಕಂಡಿರುತ್ತೀರಿ. ಊಟ ಬಿಟ್ಟವರನ್ನೂ ಕಂಡಿರುತ್ತೀರಿ. ನಡಿಗೆ ಬಿಟ್ಟವಳನ್ನು ಕಂಡಿದ್ದೀರಾ?

ನನ್ನ ಕಸುಬು ನಿಮಗೆ ಗೊತ್ತೇ ಇದೆ. ನಾಟಕದ ಕಂಪನಿಯಲ್ಲಿ ಹಾಡಿ ಕುಣಿಯುವ ಸ್ತ್ರೀಪಾರ್ಟು ನನ್ನದು. ಮೀಸೆ ಬೋಳಿಸಿ, ಪೌಡರ್ ಬಳಿದು, ಸೀರೆ ಉಟ್ಟು ನಿಂತರೆ ರಾಣಿ. ಅದರ ಮೇಲೆ ಡ್ಯಾನ್ಸಿನ ಮೇಷ್ಟ್ರೂ ನಾನೇ. ಯಾವ ಸೀನಿನಲ್ಲಿ ಯಾರು ಎತ್ತ ಹೆಜ್ಜೆ ಹಾಕಬೇಕು, ಎಲ್ಲಿ ತಿರುಗಬೇಕು, ಎಲ್ಲಾ ನಾನು ಕಟ್ಟಿಕೊಟ್ಟದ್ದು. ಕೂತಲ್ಲಿ ಕೂರುವ ಆಸಾಮಿ ನಾನಲ್ಲ. ಊಟಕ್ಕೆ ಕೂತರೂ ಕಾಲು ಕುಣಿಯುತ್ತಿರುತ್ತದೆ. (ಈ ಅಂಕಣವನ್ನೂ ನಿಂತೇ ಬರೆಯುತ್ತೇನೆ. ತಪ್ಪು ಕಂಡರೆ ಅಚ್ಚಿನವರನ್ನು ಬೈಯಬೇಡಿ.)

ಎರಡು ವರ್ಷದ ಹಿಂದೆ ಕಂಪನಿಯ ಮಾಲೀಕರು ಕರೆದರು. "ಮೇಷ್ಟ್ರೇ, ಹೊಸ ನಾಟಕದಾಗೆ ರಾಣಿ, ಅವಳ ಎಂಟು ಜನ ಸಖಿಯರು ನೀರಿಗೆ ಹೋಗೋ ಸೀನೈತೆ. ಜನ ಎದ್ದು ಕೂಗ್ಬೇಕು, ಅಂಥಾ ನಡಿಗೆ ಕೊಡ್ರಿ."

ನಡಿಗೆಯನ್ನು ಎಲ್ಲಿಂದ ತರಲಿ? ಸಂತೆಯಲ್ಲಿ ಸಿಗುತ್ತದೆಯೇ? ಮೂರು ದಿನ ಚಳ್ಳಕೆರೆಯ ಬೀದಿಗಳನ್ನೆಲ್ಲಾ ಸುತ್ತಿದೆ. ನಾಲ್ಕನೇ ದಿನ ಬೆಳಿಗ್ಗೆ ನನ್ನ ಹೆಂಡತಿ ಈರಮ್ಮ ಬಾವಿಯಿಂದ ಕೊಡ ಹೊತ್ತು ಬಂದಳು. ಎಡಗಾಲು ಊರಿ, ಅರೆಗಳಿಗೆ ತಡೆದು, ಬಲಗಾಲನ್ನು ತುದಿಬೆರಳ ಮೇಲೆ ಮೆಲ್ಲಗೆ ಇಟ್ಟು ಚಟ್ಟನೆ ಎತ್ತಿದಳು. ಆಹಾ! ಮನೆಯಲ್ಲೇ ಇತ್ತಲ್ಲ! ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲಾ ಅಲೆದಿದ್ದೆ.

ಆಮೇಲೆ ನಾನು ಬಿಟ್ಟೇನೇ? ಊರಲ್ಲಿದ್ದಾಗಲೆಲ್ಲಾ ತೊಡೆಯ ಮೇಲೆ ತಾಳ ಹಾಕುತ್ತಾ ಅವಳ ಹಿಂದೆ ಹಿಂದೆ ಹೋದೆ. ಅಂಗಳದ ಬಂಡೆಯ ಮೇಲೆ ಬಿದ್ದ ಅವಳ ಒದ್ದೆ ಹೆಜ್ಜೆಗೆ ಸುಣ್ಣದ ಗೆರೆ ಎಳೆದೆ. ಗೇಣು ಹಾಕಿ ಅಳೆದೆ. ಎಡಪಾದ ಪೂರ್ತಿ ಮೂಡಿತ್ತು. ಬಲಪಾದದ ಬೆರಳು ಮಾತ್ರ, ಹಿಮ್ಮಡಿಯ ಗುರುತೇ ಇಲ್ಲ. ಅದನ್ನೇ ಕೆಮ್ಮಣ್ಣಿನಲ್ಲಿ ರಿಹರ್ಸಲ್ಲಿನ ನೆಲದ ಮೇಲೆ ಬರೆದು, ಎಂಟು ಗಂಡಸರನ್ನು ಅದರ ಮೇಲೆ ನಡೆಸಿದೆ. "ಹಿಮ್ಮಡಿ ಊರಬ್ಯಾಡ್ರಲೇ!" ಎಂದು ಕೂಗಿ ಕೂಗಿ ಗಂಟಲು ಕಟ್ಟಿತು.

ಸೀನು ಗೆದ್ದಿತು. ಹೋದ ಊರಲ್ಲೆಲ್ಲಾ "ವನ್ಸ್ ಮೋರ್!" ಒಂದೇ ಆಟದಲ್ಲಿ ಮೂರು ಸಲ ನೀರಿಗೆ ಹೋಗಿ ಬಂದದ್ದೂ ಉಂಟು. (ಆ ರಾಣಿಗೆ ಅಷ್ಟು ನೀರು ಯಾಕೆ ಎಂದು ಯಾರೂ ಕೇಳಲಿಲ್ಲ.)

ಊರೂರು ತಿರುಗಿ ಕಂಪನಿ ಚಳ್ಳಕೆರೆಗೆ ಬಂದದ್ದು ತಿಂಗಳ ಹಿಂದೆ. ಕತ್ತಲಲ್ಲಿ ಬರಲಾಗದ ಹೆಂಗಸರಿಗೆಂದು ಮಾಲೀಕರು ಭಾನುವಾರ ಹಗಲಾಟ ಇಟ್ಟರು. ಈರಮ್ಮ ನನ್ನ ಆಟ ನೋಡಲು ಬಂದದ್ದು ಅದೇ ಮೊದಲು. ಪಕ್ಕದ ಮನೆಯ ತಿಪ್ಪಕ್ಕನ ಜೊತೆ ಮುಂದೆಯೇ ಕೂತಳು.

ನೀರಿನ ಸೀನು ಬಂತು. ಮುಂದೆ ನಾನು, ಹಿಂದೆ ಎಂಟು ಸಖಿಯರು. ತಿಪ್ಪಕ್ಕನ ಗಂಟಲು ಹಾರ್ಮೋನಿಯಂ ದಾಟಿ ಬಂತು. "ಏ ಈರಕ್ಕಾ, ಎಲ್ಲಾ ನಿನ್ನಂಗೇ ನಡೀತಾರಲ್ಲೇ! ಅಯ್ಯೋ ನಮ್ಮವ್ವಾ, ಒಂಬತ್ತು ಜನ ಈರಕ್ಕ!"

ಹೆಂಗಸರ ಕಡೆ ಗೊಳ್ಳೆಂದು ನಗು. ನನಗೋ, ಹೆಮ್ಮೆ! ಹೆಂಡತಿಯ ಕಡೆ ನೋಡಿ ಇನ್ನೊಂದು ಸುತ್ತು ಜಾಸ್ತಿಯೇ ನಡೆದೆ.

ಮನೆಗೆ ಬಂದಾಗ ಕೂತಿದ್ದಳು. "ಹೆಂಗಿತ್ತೇ?" ಅಂದೆ.

"ಅದು ನೋವು ಕಣ್ರೀ," ಅಂದಳು. "ಹಿಮ್ಮಡಿ ಊರಿದ್ರೆ ಸೊಂಟದ ತನಕ ಸೆಳೀತೈತೆ. ಅದಕ್ಕೇ ಎತ್ತಿ ಇಡ್ತೀನಿ. ಊರ ಮುಂದೆ ಅದನ್ನ ಕುಣಿದ್ರಲ್ಲ?"

"ಹೇಳಬಾರದಾಗಿತ್ತೇನೇ?"

"ದಿನಾ ಹಿಂದೆ ಹಿಂದೆ ಬರ್ತಿದ್ರಿ. ನಿಮಗೆ ಗೊತ್ತಾಗೈತೆ, ಬಿದ್ದುಗಿದ್ದಾಳು ಅಂತ ಬರ್ತಾರೆ ಅಂದ್ಕೊಂಡಿದ್ದೆ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅವಳು ಅಳಲಿಲ್ಲ. ಒಂದೇ ಒಂದು ಮಾತು ಕೇಳಿದಳು. "ಮುಂದೆ ಮೊಳಕಾಲ್ಮುರಿಗೆ ಹೋಗ್ತೀರಂತೆ. ನಮ್ಮವ್ವ ಆಟಕ್ಕೆ ಬಂದೇ ಬರ್ತಾಳೆ. ಅವ್ವಗೆ ತಿಳಿದ್ರೆ ಎದೆ ಒಡಕೊಂತಾಳೆ ಅಂತ ನಾನು ತವರಿಗೇ ಹೋಗಿಲ್ಲ. ಆ ನಡಿಗೆ ತೆಗೀರಿ."

ತವರಿಗೆ ಹೋಗದ್ದನ್ನು ನಾನು ನನ್ನ ಮೇಲಿನ ಮೋಹ ಎಂದುಕೊಂಡಿದ್ದೆ. ನಗಿ, ಪರವಾಗಿಲ್ಲ.

ಅಲ್ಲಿಂದಲೇ ಎದ್ದು ಮಾಲೀಕರ ಹತ್ತಿರ ಓಡಿದೆ. ಅವರು ಹಾರಿಬಿದ್ದರು. "ಮೊಳಕಾಲ್ಮುರು ಜನ ಬರೋದೇ ಅದನ್ನ ನೋಡಾಕೆ! ಸೀನು ಕೆಟ್ರೆ ನೀವೇ ಹೋಗಿ ಜನಕ್ಕೆ ಉತ್ತರ ಹೇಳ್ರಿ." ಹೇಳುತ್ತೇನೆ ಅಂದೆ. ನಾಲ್ಕು ದಿನ ರಿಹರ್ಸಲ್. "ಹಿಮ್ಮಡಿ ಊರ್ರಲೇ!" ಎಂದು ಮತ್ತೆ ಅದೇ ಗಂಟಲು. ಸಖಿಯರಲ್ಲೊಬ್ಬ ನಾಗಪ್ಪ, ಮೊಳಕಾಲ್ಮುರಿನ ನೇಕಾರ, ತೆಲುಗು ಮನೆಮಾತಿನವ, ಸೊಂಟದ ಮೇಲೆ ಕೈಯಿಟ್ಟು ನಿಂತ. "ಏಮಿ ಸಾಮಿ, ಎತ್ತು ಅಂದೋರೂ ನೀವೇ, ಊರು ಅನ್ನೋರೂ ನೀವೇ?" ನಾನು ನೆಲದ ಮೇಲೆ ಹೊಸ ಹೆಜ್ಜೆ ಬರೆದೆ, ಹಿಮ್ಮಡಿ ಸಮೇತ. ಅಂತೂ ಎಂಟೂ ಜನ ಕಲಿತರು.

ಗಾಡಿಗಳು ಮೊಳಕಾಲ್ಮುರು ಸೇರಿದವು. ಅಲ್ಲಿಯೂ ಹಗಲಾಟ. ಹೆಂಗಸರ ಕಡೆ ಎರಡನೇ ಸಾಲಿನಲ್ಲಿ ನಮ್ಮತ್ತೆ. ಸಖಿಯರು ಹಿಮ್ಮಡಿ ಊರಿ, ಗೊಬ್ಬರದ ಗಾಡಿ ಎಳೆಯುವ ಎತ್ತುಗಳಂತೆ ಧಪಧಪ ನಡೆದರು. ಜನ ತೆಪ್ಪಗೆ ಕೂತಿದ್ದರು. ಒಂದು ಶಿಳ್ಳೆ ಇಲ್ಲ, ಒಂದು ಚಪ್ಪಾಳೆ ಇಲ್ಲ. ಇನ್ನೊಂದು ಸುತ್ತು ನಡೆದೆ. ಆಗ ಬಂತು ನೋಡಿ, ಟೆಂಟು ಹಾರಿಹೋಗುವಂತೆ "ವನ್ಸ್ ಮೋರ್!"

ನನ್ನ ಬಲ ಹಿಮ್ಮಡಿ ಮೇಲೆದ್ದಿತ್ತು.

ಕಾಲು ತಾನಾಗಿಯೇ ಎದ್ದಿತು ಎಂದರೆ ನೀವು ನಂಬುತ್ತೀರಿ. ಆದರೆ ಅದು ಸುಳ್ಳು. ಜನ ಸುಮ್ಮನೆ ಕೂತದ್ದನ್ನು ನನಗೆ ತಡೆಯಲಾಗಲಿಲ್ಲ.

ಪರದೆ ಬಿದ್ದು ಬಣ್ಣ ಒರೆಸುತ್ತಿದ್ದಾಗ ಅತ್ತೆ ಒಳಗೆ ಬಂದರು. "ಅಳಿಯಂದ್ರೇ, ಆ ನಡಿಗೆ ನನ್ನ ಮಗಳ್ದು. ಕೈ ಬೀಸೋದು, ಕತ್ತು ಹೊರಳಿಸೋದು, ಎಲ್ಲಾ ಅವಳ್ದೇ. ಹಿಮ್ಮಡಿ ಊರದಂಗೆ ಆಗಿದ್ದು ಯಾವಾಗಿಂದ?"

ಯಾವಾಗಿಂದ ಎಂಬುದು ನನಗೇ ಗೊತ್ತಿರಲಿಲ್ಲ. ಅವಳು ನೋವು ಅಂದ ದಿನ ಮಾಲೀಕರ ಹತ್ತಿರ ಓಡಿದ್ದೆ, ರಿಹರ್ಸಲ್ಲಿಗೆ ಓಡಿದ್ದೆ. ಪಕ್ಕದಲ್ಲಿ ಕೂತು ಈ ಒಂದು ಮಾತು ಕೇಳಿರಲಿಲ್ಲ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. "ನಾಳೆ ಗಾಡಿ ಕಟ್ಟಿಸ್ರಿ. ಚಳ್ಳಕೆರೆಗೆ ಬರ್ತೀನಿ."

ಈಗ ನಮ್ಮ ಮನೆಯಲ್ಲೇ ಇದ್ದಾರೆ. ದಿನಾ ಬೆಳಿಗ್ಗೆ ಎಣ್ಣೆ ಕಾಯಿಸಿ ಮಗಳ ಸೊಂಟಕ್ಕೆ ತಿಕ್ಕುತ್ತಾರೆ. ನೋವು ಯಾವಾಗಿನದು, ಹೇಗೆ ಬಂತು, ಎಲ್ಲಾ ಅವರಿಗೆ ಬಂದ ದಿನವೇ ಗೊತ್ತಾಯಿತು. ಕೇಳಿದರು, ಅವಳು ಹೇಳಿದಳು, ಅಷ್ಟೇ.

ಎರಡು ವರ್ಷ ಹೆಂಡತಿಯ ಹಿಂದೆ ಹಿಂದೆಯೇ ನಡೆದವನು, ಒಂದು ದಿನ ಮುಂದೆ ಬಂದು ಅವಳ ಮುಖ ನೋಡಿದ್ದರೆ, ಅವನ ಗಂಟೇನು ಹೋಗುತ್ತಿತ್ತು?